ವಯಸ್ಸಾದವರ ಬೆನ್ನು ನೋವು: ಎಕ್ಸ್‌ರೇ ತೋರಿಸದ ಕಾರಣಗಳನ್ನು ಹುಡುಕುತ್ತಿರುವ ಫಿಸಿಯೋಥೆರಪಿ ಸಂಶೋಧನೆ ಹೇಳುವುದೇನು?

ಮುಖ್ಯಾಂಶಗಳು

- 60 ದಾಟಿದವರ ಎಕ್ಸ್‌ರೇಯಲ್ಲಿ ಕಾಣುವ ‘ಸವೆತ’ಕ್ಕೂ ಅವರು ಅನುಭವಿಸುವ ನೋವಿನ ತೀವ್ರತೆಗೂ ನೇರ ಸಂಬಂಧವಿಲ್ಲ
- ಹಿಪ್ ಕೀಲಿನ ಸುತ್ತಲಿನ ಸ್ನಾಯುಗಳು ದುರ್ಬಲವಾಗಿದ್ದರೆ ಬೆನ್ನು ನೋವಿರುವವರ ಓಡಾಟ ಇನ್ನಷ್ಟು ಕುಗ್ಗುತ್ತದೆ
- ಸೊಂಟದ ಬೆಲ್ಟ್, ಟ್ರ್ಯಾಕ್ಷನ್ ಬೇಡ; ವ್ಯಾಯಾಮ, ತಿಳಿವಳಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ
- ಯಾವ ಲಕ್ಷಣ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು? ಇಲ್ಲಿದೆ ವಿವರ

‘ವಯಸ್ಸಾಯಿತಲ್ಲ, ಮೂಳೆ ಸವೆದಿದೆ. ಇನ್ನು ಇದರ ಜೊತೆಗೇ ಬದುಕಬೇಕು.’ ಬೆನ್ನು ನೋವೆಂದು ಆಸ್ಪತ್ರೆಗೆ ಹೋದ ಹಿರಿಯರ ಪೈಕಿ ಬಹುತೇಕರು ಒಂದಲ್ಲ ಒಂದು ಬಾರಿ ಕೇಳಿರುವ ಮಾತಿದು. ಎಕ್ಸ್‌ರೇ ಅಥವಾ ಎಂಆರ್‌ಐ ವರದಿಯಲ್ಲಿ ‘ಡಿಸ್ಕ್ ಸವೆತ’ ಎಂಬ ಪದ ಕಂಡರೆ ಸಾಕು, ಮನೆಯಲ್ಲಿ ನಿಯಮಗಳು ಬದಲಾಗುತ್ತವೆ. ಬಾಗಬೇಡಿ, ಭಾರ ಎತ್ತಬೇಡಿ, ಮೆಟ್ಟಿಲು ಹತ್ತಬೇಡಿ, ಸುಮ್ಮನೆ ಮಲಗಿ. ಮಕ್ಕಳು ಕಾಳಜಿಯಿಂದಲೇ ಹೇಳುವ ಈ ಮಾತುಗಳೇ ಅಪ್ಪ ಅಮ್ಮಂದಿರ ಓಡಾಟವನ್ನು ಕಸಿದುಕೊಳ್ಳಬಹುದು ಎಂಬುದು ಈಗ ಸಂಶೋಧನೆಗಳಿಂದ ಸ್ಪಷ್ಟವಾಗುತ್ತಿದೆ.

ಈ ವಿಷಯದಲ್ಲಿ ಎರಡು ದಶಕಗಳಿಂದ ಕೆಲಸ ಮಾಡಿರುವವರಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ಗ್ರೆಗರಿ ಹಿಕ್ಸ್ ಪ್ರಮುಖರು. ನಮ್ಮಲ್ಲಿ ಫಿಸಿಯೋಥೆರಪಿ ಎಂದು ಕರೆಯುವುದನ್ನು ಅಮೆರಿಕದಲ್ಲಿ ಫಿಸಿಕಲ್ ಥೆರಪಿ ಎನ್ನುತ್ತಾರೆ. ಆ ಕ್ಷೇತ್ರದಿಂದ ಬಂದ ಹಿಕ್ಸ್ ಕೇಳಿದ ಪ್ರಶ್ನೆ ಸರಳ. ಹಿರಿಯರ ಬೆನ್ನು ನೋವಿಗೆ ಬೆನ್ನುಮೂಳೆಯನ್ನು ಮಾತ್ರ ನೋಡಿದರೆ ಸಾಕೇ? ಸ್ನಾಯುಗಳನ್ನು, ಹಿಪ್ ಕೀಲನ್ನು, ನಡಿಗೆಯನ್ನು ಯಾರು ನೋಡುತ್ತಾರೆ?

ಸಮಸ್ಯೆ ಎಷ್ಟು ದೊಡ್ಡದು?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರಿಗೆ ಕೆಳಬೆನ್ನಿನ ನೋವಿತ್ತು. 2050ರ ಹೊತ್ತಿಗೆ ಈ ಸಂಖ್ಯೆ 84.3 ಕೋಟಿಗೆ ಏರುವ ಅಂದಾಜಿದೆ. ಜನಸಂಖ್ಯೆ ಹೆಚ್ಚುತ್ತಿರುವುದು ಮತ್ತು ಜನರು ಹೆಚ್ಚು ಕಾಲ ಬದುಕುತ್ತಿರುವುದು ಇದಕ್ಕೆ ಕಾರಣ. ಜನರು ಅಂಗವೈಕಲ್ಯದೊಂದಿಗೆ ದಿನ ದೂಡಲು ಕಾರಣವಾಗುವ ಸಮಸ್ಯೆಗಳಲ್ಲಿ ಜಗತ್ತಿನಲ್ಲೇ ಮೊದಲ ಸ್ಥಾನ ಇದಕ್ಕಿದೆ.

ಭಾರತದಲ್ಲಿ 2011ರ ಜನಗಣತಿ ವೇಳೆಗೇ 60 ವರ್ಷ ಮೀರಿದವರ ಸಂಖ್ಯೆ 10 ಕೋಟಿ ದಾಟಿತ್ತು. ಇವರಲ್ಲಿ ಒಂದು ವರ್ಗ ನಿವೃತ್ತಿಯ ನಂತರ ಊರು ಬಿಟ್ಟು ಮಕ್ಕಳಿರುವ ನಗರ ಸೇರಿಕೊಂಡವರದು. ಧಾರವಾಡದಿಂದ ಪುಣೆಗೆ, ಉಡುಪಿಯಿಂದ ಮುಂಬೈಗೆ, ಕಲಬುರಗಿಯಿಂದ ಹೈದರಾಬಾದಿಗೆ ಬಂದ ಹಿರಿಯರ ದಿನಚರಿಯಲ್ಲಿ ಒಂದು ದೊಡ್ಡ ಬದಲಾವಣೆ ಆಗಿರುತ್ತದೆ. ಊರಿನಲ್ಲಿ ಅಂಗಳ, ಹಿತ್ತಲು, ಅಂಗಡಿ, ದೇವಸ್ಥಾನ ಎಂದು ದಿನವಿಡೀ ಕಾಲಾಡುತ್ತಿತ್ತು. ಫ್ಲ್ಯಾಟ್‌ನಲ್ಲಿ ಸೋಫಾ, ಟಿವಿ, ಲಿಫ್ಟ್ ಇದೆ. ಅಂಥವರಿಗೆ ಬೆನ್ನು ನೋವು ಬಂದಾಗ ವಿಶ್ರಾಂತಿಯೇ ಮದ್ದು ಎಂದುಬಿಟ್ಟರೆ ಉಳಿದ ಅಲ್ಪಸ್ವಲ್ಪ ಓಡಾಟವೂ ನಿಂತುಹೋಗುತ್ತದೆ.

ಇನ್ನೊಂದು ವಿಚಾರವನ್ನೂ ಗಮನಿಸಬೇಕು. ಬೆನ್ನು ನೋವಿನ ಕುರಿತ ಪ್ರಯೋಗಗಳು ಬಹಳ ಕಾಲ ದುಡಿಯುವ ವಯಸ್ಸಿನವರನ್ನೇ ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿದ್ದವು. ಹಿರಿಯರಿಗೆ ಬಿಪಿ, ಶುಗರ್, ಮಂಡಿ ನೋವು ಹೀಗೆ ಹಲವು ಸಮಸ್ಯೆಗಳು ಇರುತ್ತವೆ ಎಂಬ ಕಾರಣಕ್ಕೆ ಅವರನ್ನು ಅಧ್ಯಯನಗಳಿಂದ ಹೊರಗಿಡುವುದು ಸಾಮಾನ್ಯವಾಗಿತ್ತು. ಹೀಗಾಗಿ 40ರ ವಯಸ್ಸಿನವರಿಗೆ ಸಿಕ್ಕ ಉತ್ತರವನ್ನೇ 70ರವರಿಗೂ ಅನ್ವಯಿಸಲಾಗುತ್ತಿತ್ತು. ಹಿಕ್ಸ್ ಅವರಂಥವರ ಕೆಲಸಕ್ಕೆ ಮಹತ್ವ ಬಂದಿರುವುದು ಇಲ್ಲಿಯೇ.

ಎಕ್ಸ್‌ರೇ ಹೇಳುವುದೆಷ್ಟು?

ಹಿಕ್ಸ್ ಮತ್ತು ಸಹಸಂಶೋಧಕರು 2009ರಲ್ಲಿ ‘ಸ್ಪೈನ್’ ನಿಯತಕಾಲಿಕದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದೀರ್ಘಕಾಲದ ಬೆನ್ನು ನೋವಿದ್ದ 162 ಹಿರಿಯರು ಮತ್ತು ನೋವೇ ಇಲ್ಲದ 158 ಹಿರಿಯರ ಎಕ್ಸ್‌ರೇಗಳನ್ನು ಅವರು ಹೋಲಿಸಿ ನೋಡಿದ್ದರು. ಎರಡೂ ಗುಂಪು ಸೇರಿ 90%ಕ್ಕಿಂತ ಹೆಚ್ಚು ಜನರಲ್ಲಿ ಡಿಸ್ಕ್ ಅಥವಾ ಬೆನ್ನುಮೂಳೆಯ ಸಣ್ಣ ಕೀಲುಗಳಲ್ಲಿ ಒಂದಿಷ್ಟು ಸವೆತ ಕಂಡುಬಂತು. ಅಂದರೆ ನೋವಿಲ್ಲದೆ ಆರಾಮವಾಗಿ ಓಡಾಡಿಕೊಂಡಿದ್ದವರ ಬೆನ್ನುಮೂಳೆಯೂ ಸವೆದಿತ್ತು.

ಹಾಗೆಂದು ಸವೆತಕ್ಕೆ ಅರ್ಥವೇ ಇಲ್ಲ ಎಂದೇನೂ ಅಲ್ಲ. ಡಿಸ್ಕ್ ತೀವ್ರವಾಗಿ ಸವೆದವರಲ್ಲಿ ದೀರ್ಘಕಾಲದ ಬೆನ್ನು ನೋವು ಇರುವ ಸಾಧ್ಯತೆ ಸುಮಾರು ಎರಡು ಪಟ್ಟು ಹೆಚ್ಚಿತ್ತು. ಆದರೆ ಈಗಾಗಲೇ ನೋವಿರುವವರಲ್ಲಿ ಸವೆತ ಹೆಚ್ಚಿದ್ದಷ್ಟೂ ನೋವು ಹೆಚ್ಚು ಎಂಬ ಲೆಕ್ಕ ಹೊಂದಿಕೆಯಾಗಲಿಲ್ಲ. ಎಕ್ಸ್‌ರೇಯಲ್ಲಿ ತುಂಬಾ ಸವೆತ ಕಂಡವರಿಗೆ ನೋವು ಕಡಿಮೆ ಇರಬಹುದು, ಸ್ವಲ್ಪ ಸವೆತ ಇರುವವರಿಗೆ ಹೆಚ್ಚಿರಬಹುದು.

2015ರಲ್ಲಿ ಪ್ರಕಟವಾದ ಮತ್ತೊಂದು ವಿಶ್ಲೇಷಣೆಯೂ ಇದನ್ನೇ ಹೇಳುತ್ತದೆ. ಬೆನ್ನು ನೋವಿಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಳಗೊಂಡ 33 ಅಧ್ಯಯನಗಳನ್ನು ಅದರಲ್ಲಿ ಒಟ್ಟುಗೂಡಿಸಲಾಗಿತ್ತು. 20 ವರ್ಷದವರಲ್ಲೇ 37% ಜನರಿಗೆ ಡಿಸ್ಕ್ ಸವೆತವಿತ್ತು. 80 ವರ್ಷದವರಲ್ಲಿ ಈ ಪ್ರಮಾಣ 96%. ಡಿಸ್ಕ್ ಉಬ್ಬಿರುವುದು 20ರಲ್ಲಿ 30%, 80ರಲ್ಲಿ 84%. ಕೂದಲು ನರೆತಂತೆ, ಚರ್ಮ ಸುಕ್ಕುಗಟ್ಟಿದಂತೆ ಡಿಸ್ಕ್ ಕೂಡ ವಯಸ್ಸಿನ ಗುರುತು ಹೊತ್ತಿರುತ್ತದೆ. ಅದಷ್ಟೇ ಇಡೀ ನೋವಿನ ಕಥೆಯಲ್ಲ.

ಬೆನ್ನು ನೋವಿನ ಸುಮಾರು 90% ಪ್ರಕರಣಗಳಲ್ಲಿ ಇಂಥದ್ದೇ ಕಾರಣ ಎಂದು ಒಂದೇ ಅಂಗದತ್ತ ಬೊಟ್ಟು ಮಾಡಲು ಆಗುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಹಾಗಾಗಿ ವರದಿಯಲ್ಲಿರುವ ‘ಸವೆತ’ ಪದ ನೋಡಿ ಗಾಬರಿಯಾಗುವ ಅಗತ್ಯವಿಲ್ಲ. ಆ ಪದ ನೋಡಿ ಓಡಾಟ ನಿಲ್ಲಿಸುವುದಂತೂ ಬೇಡವೇ ಬೇಡ.

ಕಣ್ಣಿಗೆ ಬೀಳದ ಸ್ನಾಯುಗಳು

ಬೆನ್ನುಮೂಳೆಯ ಎರಡೂ ಬದಿಯಲ್ಲಿ ಅದಕ್ಕೆ ಅಂಟಿಕೊಂಡಂತೆ ಮಲ್ಟಿಫಿಡಸ್ ಎಂಬ ಆಳದ ಸ್ನಾಯು ಇದೆ. ಅದರ ಪಕ್ಕದಲ್ಲಿ ಬೆನ್ನನ್ನು ನೆಟ್ಟಗೆ ನಿಲ್ಲಿಸುವ ಉದ್ದನೆಯ ಸ್ನಾಯುಗಳಿವೆ. ಮುಂದೆ ಹೊಟ್ಟೆಯ ಸ್ನಾಯುಗಳಿವೆ. ಡೇರೆಯ ಕಂಬವನ್ನು ಸುತ್ತಲಿನ ಹಗ್ಗಗಳು ಬಿಗಿಹಿಡಿದಂತೆ ಇವೆಲ್ಲ ಸೇರಿ ಬೆನ್ನುಮೂಳೆಯನ್ನು ಹಿಡಿದಿಡುತ್ತವೆ. ಹಗ್ಗ ಸಡಿಲವಾದರೆ ಕಂಬ ಎಷ್ಟೇ ಗಟ್ಟಿಯಾಗಿದ್ದರೂ ಅಲುಗಾಡುತ್ತದೆ.

ವಯಸ್ಸಾದಂತೆ ಸ್ನಾಯುವಿನ ಗಾತ್ರ ಕುಗ್ಗುವುದರ ಜೊತೆಗೆ ಅದರೊಳಗೆ ಕೊಬ್ಬು ಸೇರಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಇದು ಗೊತ್ತಾಗುವುದಿಲ್ಲ. ತೆಳ್ಳಗಿರುವವರಲ್ಲೂ ಇದು ಆಗಬಹುದು. ಅಮೆರಿಕದಲ್ಲಿ 70ರಿಂದ 79 ವರ್ಷದ 3,075 ಜನರನ್ನು ಸೇರಿಸಿಕೊಂಡು 1997ರಲ್ಲಿ ಆರಂಭವಾದ ‘ಹೆಲ್ತ್ ಎಬಿಸಿ’ ಎಂಬ ದೀರ್ಘಾವಧಿ ಅಧ್ಯಯನದ ಸಿಟಿ ಸ್ಕ್ಯಾನ್‌ಗಳನ್ನು ಬಳಸಿಕೊಂಡು ಹಿಕ್ಸ್ ತಂಡ 2005ರಲ್ಲಿ ಈ ವಿಷಯ ಪರಿಶೀಲಿಸಿತು. ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳಲ್ಲಿ ಕೊಬ್ಬು ಸೇರಿಕೊಂಡಿದ್ದವರ ದೈಹಿಕ ಸಾಮರ್ಥ್ಯ ಕಡಿಮೆ ಇತ್ತು. ಮುಂದಿನ ವರ್ಷಗಳಲ್ಲಿ ಅವರ ಸಾಮರ್ಥ್ಯ ಎಷ್ಟಿರುತ್ತದೆ ಎಂಬುದರ ಸುಳಿವನ್ನೂ ಸ್ನಾಯುಗಳ ಗುಣಮಟ್ಟ ಕೊಡುತ್ತಿತ್ತು.

ಇದರಲ್ಲಿ ಒಂದು ಭರವಸೆಯೂ ಇದೆ. ಸವೆದ ಡಿಸ್ಕನ್ನು ವ್ಯಾಯಾಮದಿಂದ ಹಳೆಯ ಸ್ಥಿತಿಗೆ ತರಲಾಗದು. ಆದರೆ ಸ್ನಾಯುವನ್ನು ಯಾವ ವಯಸ್ಸಿನಲ್ಲೂ ಬಲಪಡಿಸಬಹುದು. ಕಾರಣವನ್ನು ಮೂಳೆಯಲ್ಲಿ ಮಾತ್ರ ಹುಡುಕಿದರೆ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ. ಸ್ನಾಯುವಿನಲ್ಲೂ ಹುಡುಕಿದರೆ ಮಾಡಲು ಬಹಳಷ್ಟಿದೆ.

ಬೆನ್ನಿಗೂ ಹಿಪ್ ಕೀಲಿಗೂ ಏನು ನಂಟು?

ಕನ್ನಡದಲ್ಲಿ ‘ಸೊಂಟ ನೋವು’ ಎಂದರೆ ಸಾಮಾನ್ಯವಾಗಿ ಕೆಳಬೆನ್ನಿನ ನೋವು ಎಂದೇ ಅರ್ಥ. ತೊಡೆಮೂಳೆಯ ಗುಂಡಾದ ತಲೆ ಬಂದು ಕೂರುವ ಹಿಪ್ ಕೀಲು ಬೇರೆ. ಅದು ತೊಡೆಯ ಸಂದಿನ ಆಳದಲ್ಲಿದೆ. ಇವೆರಡೂ ಅಕ್ಕಪಕ್ಕದ ಮನೆಗಳಿದ್ದಂತೆ. ಒಂದರಲ್ಲಿ ತೊಂದರೆಯಾದರೆ ಇನ್ನೊಂದಕ್ಕೆ ಹೊರೆ ಬೀಳುತ್ತದೆ. ಹಿಪ್ ಮತ್ತು ಬೆನ್ನುಮೂಳೆ ಎರಡರಲ್ಲೂ ಒಟ್ಟಿಗೆ ಸಮಸ್ಯೆ ಇರುವ ಸ್ಥಿತಿಗೆ 1983ರಲ್ಲೇ ಇಬ್ಬರು ವೈದ್ಯರು ‘ಹಿಪ್-ಸ್ಪೈನ್ ಸಿಂಡ್ರೋಮ್’ ಎಂದು ಹೆಸರಿಟ್ಟಿದ್ದರು.

ಇದು ಹೇಗೆ ಆಗುತ್ತದೆ ಎಂಬುದನ್ನು ನಡಿಗೆಯಿಂದ ಅರ್ಥ ಮಾಡಿಕೊಳ್ಳಬಹುದು. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಕ್ಷಣಕಾಲ ಇಡೀ ದೇಹದ ಭಾರ ಒಂದೇ ಕಾಲಿನ ಮೇಲಿರುತ್ತದೆ. ಆಗ ದೇಹ ಇನ್ನೊಂದು ಬದಿಗೆ ವಾಲದಂತೆ ತಡೆಯುವುದು ಹಿಪ್‌ನ ಪಕ್ಕದಲ್ಲಿರುವ ಸ್ನಾಯುಗಳು. ಅವು ದುರ್ಬಲವಾಗಿದ್ದರೆ ಹೆಜ್ಜೆ ಹೆಜ್ಜೆಗೂ ದೇಹ ವಾಲುತ್ತದೆ. ಆ ವಾಲುವಿಕೆಯನ್ನು ಸರಿದೂಗಿಸಲು ಕೆಳಬೆನ್ನು ದುಡಿಯಬೇಕಾಗುತ್ತದೆ. ದಿನಕ್ಕೆ ಸಾವಿರಾರು ಹೆಜ್ಜೆ ಎಂದರೆ ಸಾವಿರಾರು ಬಾರಿ ಈ ಹೆಚ್ಚುವರಿ ಕೆಲಸ.

ಇನ್ನು ದಿನವಿಡೀ ಕುಳಿತೇ ಇರುವವರಲ್ಲಿ ಹಿಪ್‌ನ ಮುಂಭಾಗದ ಸ್ನಾಯುಗಳು ಬಿಗಿಯಾಗುತ್ತವೆ. ಎದ್ದು ನಡೆಯುವಾಗ ಕಾಲು ಹಿಂದಕ್ಕೆ ಪೂರ್ತಿ ಚಾಚುವುದಿಲ್ಲ. ಆ ಕೊರತೆಯನ್ನೂ ತುಂಬಿಕೊಡುವುದು ಬೆನ್ನೇ. ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು, ನೆಲದಿಂದ ಮೇಲೇಳುವುದು ಇವೆಲ್ಲಕ್ಕೂ ಪೃಷ್ಠದ ದೊಡ್ಡ ಸ್ನಾಯುಗಳ ಬಲ ಬೇಕು. ಆ ಬಲ ಇಲ್ಲದಾಗ ಹಿರಿಯರು ಕೈ ಊರಿ, ಬೆನ್ನು ಬಾಗಿಸಿ, ತಿಣುಕಿ ಏಳುತ್ತಾರೆ. ನೋವು ಕಾಣಿಸಿಕೊಳ್ಳುವುದು ಬೆನ್ನಿನಲ್ಲಿ, ಕೊರತೆ ಇರುವುದು ಇನ್ನೊಂದು ಕಡೆ.

ದೀರ್ಘಕಾಲದ ಬೆನ್ನು ನೋವಿರುವ ಹಿರಿಯರನ್ನು ಹಿಕ್ಸ್ ತಂಡ ಒಂದು ವರ್ಷ ಕಾಲ ಗಮನಿಸಿತು. ಹಿಪ್ ಸ್ನಾಯುಗಳು ದುರ್ಬಲವಾಗಿದ್ದು ಹಿಪ್‌ನಲ್ಲಿ ನೋವೂ ಇದ್ದವರ ಓಡಾಟದ ಸಾಮರ್ಥ್ಯ ಉಳಿದವರಿಗಿಂತ ಕಳಪೆಯಾಗಿತ್ತು. ಹಾಗಾದರೆ ಅಂಥವರಿಗೆ ಹಿಪ್‌ಗೇ ಚಿಕಿತ್ಸೆ ಕೊಟ್ಟರೆ ಹೇಗೆ?

184 ಹಿರಿಯರ ಮೇಲೆ ನಡೆದ ಪ್ರಯೋಗ

ಈ ಪ್ರಶ್ನೆಗೆ ಉತ್ತರ ಹುಡುಕಲು ನಡೆದದ್ದೇ ‘ಮ್ಯಾಶ್’ ಹೆಸರಿನ ಪ್ರಯೋಗ. ಇದರ ಫಲಿತಾಂಶ 2024ರಲ್ಲಿ ‘ದಿ ಲ್ಯಾನ್ಸೆಟ್ ರುಮಟಾಲಜಿ’ಯಲ್ಲಿ ಪ್ರಕಟವಾಯಿತು. ಡೆಲವೇರ್, ಡ್ಯೂಕ್ ಮತ್ತು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಗಳಲ್ಲಿ 60ರಿಂದ 85 ವರ್ಷದೊಳಗಿನ 184 ಜನರು ಇದರಲ್ಲಿ ಪಾಲ್ಗೊಂಡಿದ್ದರು. ಎಲ್ಲರಿಗೂ ದೀರ್ಘಕಾಲದ ಬೆನ್ನು ನೋವಿತ್ತು. ಜೊತೆಗೆ ಹಿಪ್‌ನಲ್ಲೂ ದೌರ್ಬಲ್ಯ ಮತ್ತು ತೊಂದರೆ ಇದ್ದು, ಮುಂದೆ ಓಡಾಟ ಕುಗ್ಗುವ ಅಪಾಯವಿತ್ತು.

ಅವರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಹಿಪ್ ಕೀಲಿಗೆ ಕೈಯಿಂದ ಕೊಡುವ ಚಿಕಿತ್ಸೆ ಮತ್ತು ಹಿಪ್ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ. ಇನ್ನೊಂದಕ್ಕೆ ಬೆನ್ನನ್ನೇ ಕೇಂದ್ರವಾಗಿಟ್ಟುಕೊಂಡ ಚಿಕಿತ್ಸೆ. ಎಂಟು ವಾರ ಚಿಕಿತ್ಸೆ ನಡೆಯಿತು. ಎಂಟನೇ ವಾರ ಮತ್ತು ಆರನೇ ತಿಂಗಳಲ್ಲಿ ದಿನನಿತ್ಯದ ಕೆಲಸಗಳಲ್ಲಿ ಎಷ್ಟು ಕಷ್ಟವಾಗುತ್ತಿದೆ, ಎಷ್ಟು ವೇಗವಾಗಿ ನಡೆಯುತ್ತಾರೆ ಎಂಬುದನ್ನು ಅಳೆಯಲಾಯಿತು. ಅಳೆಯುವವರಿಗೆ ಯಾರು ಯಾವ ಗುಂಪಿನವರು ಎಂಬುದು ಗೊತ್ತಿರಲಿಲ್ಲ.

ಫಲಿತಾಂಶವೇನು? ಎರಡೂ ಗುಂಪಿನವರ ಸ್ಥಿತಿ ಸುಧಾರಿಸಿತು. ದಿನನಿತ್ಯದ ಕೆಲಸಗಳ ಬಗ್ಗೆ ರೋಗಿಗಳೇ ಕೊಟ್ಟ ಅಂಕಗಳಲ್ಲಿ ಎಂಟನೇ ವಾರದ ಹೊತ್ತಿಗೆ ಹಿಪ್ ಗುಂಪು ಸ್ವಲ್ಪ ಮುಂದಿತ್ತು. ಆದರೆ ಆ ಮುನ್ನಡೆ ಆರು ತಿಂಗಳವರೆಗೆ ಉಳಿಯಲಿಲ್ಲ.

ಇದನ್ನು ‘ಬೆನ್ನು ನೋವಿಗೆ ಹಿಪ್ ವ್ಯಾಯಾಮವೇ ರಾಮಬಾಣ’ ಎಂದು ಓದಿಕೊಳ್ಳುವುದು ತಪ್ಪು. ಪ್ರಯೋಗದಿಂದ ತಿಳಿಯುವುದು ಎರಡು ವಿಷಯ. ಮೊದಲನೆಯದು, ಹಿಪ್ ದುರ್ಬಲವಾಗಿರುವ ಹಿರಿಯರಲ್ಲಿ ಅದಕ್ಕೆ ಗಮನ ಕೊಡುವುದು ಉಪಯುಕ್ತ, ಕನಿಷ್ಠ ಆರಂಭದಲ್ಲಿ. ಎರಡನೆಯದು, ಮೇಲ್ವಿಚಾರಣೆಯಲ್ಲಿ ನಡೆಯುವ ಶಿಸ್ತಿನ ಚಿಕಿತ್ಸೆ ಯಾವ ಮಾದರಿಯದಾದರೂ 80ರ ಆಸುಪಾಸಿನವರಿಗೂ ಪ್ರಯೋಜನ ಕೊಡುತ್ತದೆ. ಎಂಟು ವಾರದ ನಂತರ ಅದನ್ನು ಮುಂದುವರಿಸುವುದು ಹೇಗೆ ಎಂಬುದೇ ಈಗಿನ ಸವಾಲು.

ನೋವಿಗಿಂತ ನಡಿಗೆ ಏಕೆ ಮುಖ್ಯ?

ಈ ಪ್ರಯೋಗಗಳಲ್ಲಿ ನಡಿಗೆಯ ವೇಗ ಅಳೆಯುವುದೇಕೆ ಎಂಬ ಪ್ರಶ್ನೆ ಬರಬಹುದು. ಹಿರಿಯರ ಆರೋಗ್ಯದ ಮಟ್ಟಿಗೆ ನಡಿಗೆಯ ವೇಗ ಬಿಪಿಯಷ್ಟೇ ಮುಖ್ಯವಾದ ಸೂಚಕ. 65 ದಾಟಿದ 34,485 ಜನರ ಮಾಹಿತಿ ಆಧರಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ವೇಗವಾಗಿ ನಡೆಯುವ ಹಿರಿಯರು ಹೆಚ್ಚು ಕಾಲ ಬದುಕುವುದು ಕಂಡುಬಂದಿತ್ತು.

ಏಷ್ಯಾದ ತಜ್ಞರ ಗುಂಪು 2019ರಲ್ಲಿ ಎರಡು ಸರಳ ಅಳತೆಗಳನ್ನು ಸೂಚಿಸಿದೆ. ಸಹಜ ನಡಿಗೆಯ ವೇಗ ಸೆಕೆಂಡಿಗೆ 1 ಮೀಟರ್‌ಗಿಂತ ಕಡಿಮೆ ಇದ್ದರೆ ಅಥವಾ ಕುರ್ಚಿಯಿಂದ ಐದು ಬಾರಿ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ದೈಹಿಕ ಸಾಮರ್ಥ್ಯ ಕುಗ್ಗಿದೆ ಎಂದರ್ಥ. ನಗರದ ರಸ್ತೆಯಲ್ಲಿ ಇದರ ಅರ್ಥ ಬೇಗ ತಿಳಿಯುತ್ತದೆ. ಸಿಗ್ನಲ್ ಕೆಂಪಾಗುವ ಮೊದಲು ದಾದರ್‌ನಲ್ಲೋ ಟಿ. ನಗರದಲ್ಲೋ ರಸ್ತೆ ದಾಟಲು ಆಗದಿದ್ದರೆ ಹಿರಿಯರು ಹೊರಗೆ ಹೋಗುವುದನ್ನೇ ಬಿಡುತ್ತಾರೆ. ಹೊರಗೆ ಹೋಗುವುದು ನಿಂತರೆ ಸ್ನಾಯು ಇನ್ನಷ್ಟು ಸೋಲುತ್ತದೆ, ಬೀಳುವ ಭಯ ಹೆಚ್ಚುತ್ತದೆ, ಒಂಟಿತನವೂ ಸೇರಿಕೊಳ್ಳುತ್ತದೆ. ಬೆನ್ನು ನೋವಿನಿಂದ ಶುರುವಾದದ್ದು ಪರಾವಲಂಬನೆಯಲ್ಲಿ ಮುಗಿಯುವುದು ಹೀಗೆ.

ವಿಶ್ವ ಆರೋಗ್ಯ ಸಂಸ್ಥೆ ಏನು ಹೇಳುತ್ತದೆ?

ದೀರ್ಘಕಾಲದ ಕೆಳಬೆನ್ನಿನ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. ಶಸ್ತ್ರಚಿಕಿತ್ಸೆ ಹೊರತಾದ ಚಿಕಿತ್ಸೆಗಳ ಕುರಿತ ಈ ಮಾರ್ಗಸೂಚಿ ಹಿರಿಯರನ್ನೂ ಒಳಗೊಂಡಿದೆ.

ಮಾಡಬಹುದಾದದ್ದು:

- ನೋವನ್ನು ಅರ್ಥ ಮಾಡಿಕೊಂಡು ನಿಭಾಯಿಸಲು ಕಲಿಸುವ ತಿಳಿವಳಿಕೆ ಕಾರ್ಯಕ್ರಮಗಳು
- ವ್ಯಾಯಾಮ
- ಮಸಾಜ್ ಮತ್ತು ಬೆನ್ನುಮೂಳೆಗೆ ಕೈಯಿಂದ ಕೊಡುವ ಕೆಲವು ಚಿಕಿತ್ಸೆಗಳು
- ಭಯ, ಆತಂಕ ನಿಭಾಯಿಸಲು ನೆರವಾಗುವ ಮಾನಸಿಕ ಚಿಕಿತ್ಸೆ
- ಅಗತ್ಯವಿದ್ದಾಗ ಉರಿಯೂತ ತಗ್ಗಿಸುವ ನೋವಿನ ಮಾತ್ರೆ

ವಾಡಿಕೆಯಾಗಿ ಬೇಡ ಎಂದಿರುವುದು:

- ಸೊಂಟದ ಬೆಲ್ಟ್ ಮತ್ತು ಬೆನ್ನಿನ ಪಟ್ಟಿಗಳು
- ಬೆನ್ನನ್ನು ಎಳೆಯುವ ಟ್ರ್ಯಾಕ್ಷನ್
- ಅಲ್ಟ್ರಾಸೌಂಡ್ ಚಿಕಿತ್ಸೆ, ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಕೊಡುವ ಟೆನ್ಸ್ ಎಂಬ ಕರೆಂಟ್ ಚಿಕಿತ್ಸೆ
- ಒಪಿಯಾಯ್ಡ್ ವರ್ಗದ ನೋವು ನಿವಾರಕಗಳು

ಎರಡನೇ ಪಟ್ಟಿ ನೋಡಿದರೆ ಅನೇಕರಿಗೆ ಅಚ್ಚರಿಯಾಗಬಹುದು. ನಮ್ಮಲ್ಲಿ ಎಷ್ಟೋ ಕಡೆ ಫಿಸಿಯೋಥೆರಪಿ ಎಂದರೆ ಮಂಚದ ಮೇಲೆ ಮಲಗಿಸಿ ಶಾಖ ಕೊಡುವುದು, ‘ಕರೆಂಟ್ ಹಿಡಿಸುವುದು’ ಎಂದೇ ಜನರ ಕಲ್ಪನೆ. ಹತ್ತು ದಿನ ಹೋಗಿ ಬಂದರೂ ಒಂದು ವ್ಯಾಯಾಮವನ್ನೂ ಕಲಿಯದೆ ಬರುವವರಿದ್ದಾರೆ. ಶಾಖದಿಂದ ಆ ಹೊತ್ತಿಗೆ ಹಿತವೆನಿಸಬಹುದು. ಸ್ನಾಯುವಿಗೆ ಬಲ ಬರುವುದು ಅದು ಕೆಲಸ ಮಾಡಿದಾಗ ಮಾತ್ರ.

ಹಿಕ್ಸ್ ತಂಡವೂ ವಿದ್ಯುತ್ ಬಳಸಿತ್ತು. ಆದರೆ ಉದ್ದೇಶ ಬೇರೆ. ನೋವು ಮರೆಸುವುದಕ್ಕಲ್ಲ, ದುರ್ಬಲವಾದ ಬೆನ್ನಿನ ಸ್ನಾಯು ಬಿಗಿಯಾಗಿ ಕುಗ್ಗುವಂತೆ ಮಾಡಲು. ಅದನ್ನು ವ್ಯಾಯಾಮದ ಜೊತೆ ಸೇರಿಸಿ ನಡೆಸಿದ ಸಣ್ಣ ಪ್ರಾಥಮಿಕ ಪ್ರಯೋಗದಲ್ಲಿ ಹಿರಿಯರ ದೈಹಿಕ ಸಾಮರ್ಥ್ಯ ಸುಧಾರಿಸಿತ್ತು.

ನಡೆಯುವುದರಿಂದಲೇ ಲಾಭ

ದುಬಾರಿ ಯಂತ್ರ ಬೇಕಿಲ್ಲದ ವ್ಯಾಯಾಮವೆಂದರೆ ನಡಿಗೆ. ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಸಂಶೋಧಕರು 701 ಜನರ ಮೇಲೆ ನಡೆಸಿದ ‘ವಾಕ್‌ಬ್ಯಾಕ್’ ಪ್ರಯೋಗ 2024ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಬೆನ್ನು ನೋವಿನಿಂದ ಆಗಷ್ಟೇ ಚೇತರಿಸಿಕೊಂಡವರಲ್ಲಿ ಒಂದು ಗುಂಪಿಗೆ ಫಿಸಿಯೋಥೆರಪಿಸ್ಟ್ ನೆರವಿನಿಂದ ಹಂತ ಹಂತವಾಗಿ ಹೆಚ್ಚಿಸುವ ನಡಿಗೆ ಮತ್ತು ತಿಳಿವಳಿಕೆ ನೀಡಲಾಯಿತು. ಅವರಿಗೆ ನೋವು ಮರುಕಳಿಸಲು ಸರಾಸರಿ 208 ದಿನ ಹಿಡಿಯಿತು. ಏನೂ ಮಾಡದ ಗುಂಪಿನಲ್ಲಿ 112 ದಿನಕ್ಕೇ ನೋವು ಮರಳಿತು. ಇದರಲ್ಲಿ ಎಲ್ಲ ವಯಸ್ಸಿನವರೂ ಇದ್ದರು.

ಎಲ್ಲ ಬೆನ್ನು ನೋವೂ ಒಂದೇ ಅಲ್ಲ

ಸ್ವಲ್ಪ ದೂರ ನಡೆದ ಕೂಡಲೇ ಎರಡೂ ಕಾಲು ಭಾರವಾಗಿ ಜೋಮು ಹಿಡಿಯುವುದು, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಆರಾಮವೆನಿಸುವುದು ಬೆನ್ನುಮೂಳೆಯ ನಾಳ ಕಿರಿದಾಗಿರುವ ಲಕ್ಷಣ ಇರಬಹುದು. ಸೂಪರ್ ಮಾರ್ಕೆಟ್‌ನಲ್ಲಿ ಟ್ರಾಲಿಯ ಮೇಲೆ ಬಾಗಿ ನಡೆದರೆ ಸಲೀಸು, ನೆಟ್ಟಗೆ ನಡೆದರೆ ಕಷ್ಟ ಎನ್ನುವವರು ಇದನ್ನು ವೈದ್ಯರಿಗೆ ಹೇಳಬೇಕು.

ಈ ಸಮಸ್ಯೆಗೆ ಆಪರೇಷನ್ ಸಲಹೆ ಪಡೆದ 169 ಜನರ ಮೇಲೆ ಪಿಟ್ಸ್‌ಬರ್ಗ್‌ನ ಸಂಶೋಧಕರು ನಡೆಸಿದ ಪ್ರಯೋಗ 2015ರಲ್ಲಿ ಪ್ರಕಟವಾಯಿತು. ಎರಡು ವರ್ಷದ ನಂತರ ಆಪರೇಷನ್ ಗುಂಪು ಮತ್ತು ಫಿಸಿಯೋಥೆರಪಿ ಗುಂಪಿನ ದೈಹಿಕ ಸಾಮರ್ಥ್ಯದಲ್ಲಿ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಆದರೆ ಫಿಸಿಯೋಥೆರಪಿ ಗುಂಪಿನ 57% ಜನರು ನಡುವೆಯೇ ಆಪರೇಷನ್ ಮಾಡಿಸಿಕೊಂಡಿದ್ದರು ಎಂಬುದನ್ನೂ ಮರೆಯುವಂತಿಲ್ಲ. ಎಲ್ಲರಿಗೂ ಆಪರೇಷನ್ ಬೇಕಿಲ್ಲ, ಯಾರಿಗೂ ಬೇಡ ಎಂದೂ ಅಲ್ಲ.

ಈ ಕೆಳಗಿನ ಲಕ್ಷಣಗಳಿದ್ದರೆ ವ್ಯಾಯಾಮ ಶುರು ಮಾಡುವ ಮೊದಲು ತಪ್ಪದೆ ವೈದ್ಯರನ್ನು ಕಾಣಿ:

- ಮಲ ಮೂತ್ರದ ಮೇಲೆ ಹಿಡಿತ ತಪ್ಪುವುದು, ತೊಡೆಗಳ ನಡುವಿನ ಭಾಗ ಮರಗಟ್ಟುವುದು. ಇದು ತುರ್ತು ಸ್ಥಿತಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು
- ಕಾಲಿನ ಬಲ ದಿನದಿಂದ ದಿನಕ್ಕೆ ಕುಗ್ಗುವುದು
- ಬಿದ್ದ ನಂತರ ಅಥವಾ ಸಣ್ಣ ಭಾರ ಎತ್ತಿದ ನಂತರ ದಿಢೀರ್ ತೀವ್ರ ನೋವು. ಮೂಳೆ ಟೊಳ್ಳಾಗಿರುವವರಲ್ಲಿ ಬೆನ್ನುಮೂಳೆ ಕುಸಿದಿರಬಹುದು
- ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು
- ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸದಾಗಿ ಬಂದ ಬೆನ್ನು ನೋವು
- ರಾತ್ರಿ ಮಲಗಿದರೂ ಕಡಿಮೆಯಾಗದ ನೋವು
- ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಕಾಣಿಸಿಕೊಂಡ ನೋವು

ಅಮ್ಮನ ನೋವು ಡಾಕ್ಟರಿಗೆ ಹೇಗೆ ಹೇಳುವುದು?

ಹೊರರಾಜ್ಯದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಹಿರಿಯರು ಕನ್ನಡದಲ್ಲಿ ಹೇಳುತ್ತಾರೆ, ಮಗನೋ ಸೊಸೆಯೋ ಅದನ್ನು ಹಿಂದಿ, ಮರಾಠಿ, ತಮಿಳು ಅಥವಾ ತೆಲುಗಿಗೆ ತಿರುಗಿಸುತ್ತಾರೆ. ‘ಸೊಂಟ’ ಎಂಬುದು ಹಿಂದಿಯಲ್ಲಿ ‘ಕಮರ್’, ಮರಾಠಿಯಲ್ಲಿ ‘ಕಂಬರ್’, ತಮಿಳಿನಲ್ಲಿ ‘ಇಡುಪ್ಪು’, ತೆಲುಗಿನಲ್ಲಿ ‘ನಡುಮು’ ಆಗುತ್ತದೆ. ಈ ಯಾವ ಪದವೂ ನೋವು ಕೆಳಬೆನ್ನಿನದೋ ಹಿಪ್ ಕೀಲಿನದೋ ಎಂದು ಬಿಡಿಸಿ ಹೇಳುವುದಿಲ್ಲ. ಜೋಮು, ಸೆಳೆತ, ಚಳಕು, ಉರಿ ಎಂದು ಹಿರಿಯರು ಬೇರೆ ಬೇರೆಯಾಗಿ ಹೇಳಿದ್ದೆಲ್ಲ ಅನುವಾದದಲ್ಲಿ ಬರೀ ‘ದರ್ದ್’ ಆಗಿಬಿಡುತ್ತದೆ. ಜೋಮು ನರದ ತೊಂದರೆಯ ಸುಳಿವಾಗಿರಬಹುದು. ಚಳಕು ಸ್ನಾಯುವಿನದ್ದಾಗಿರಬಹುದು. ಆ ವ್ಯತ್ಯಾಸ ವೈದ್ಯರಿಗೆ ಬೇಕು.

ಹೀಗೆ ಮಾಡಿ ನೋಡಿ:

- ನೋವಿರುವ ಜಾಗವನ್ನು ಹಿರಿಯರೇ ಒಂದು ಬೆರಳಿನಿಂದ ತೋರಿಸಲಿ. ಪೃಷ್ಠದ ಮೇಲೋ, ತೊಡೆಯ ಸಂದಿನಲ್ಲೋ, ಬೆನ್ನಿನ ನಡುವೆಯೋ ಎಂಬುದು ಸ್ಪಷ್ಟವಾಗುತ್ತದೆ
- ಯಾವ ಕೆಲಸ ಮಾಡುವಾಗ ನೋವು ಹೆಚ್ಚು ಎಂದು ಬರೆದುಕೊಂಡು ಹೋಗಿ. ಏಳುವಾಗಲೋ, ಕೂರುವಾಗಲೋ, ಮೆಟ್ಟಿಲು ಹತ್ತುವಾಗಲೋ, ಪಕ್ಕಕ್ಕೆ ಹೊರಳುವಾಗಲೋ?
- ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ ಎಂಬುದನ್ನು ಹೇಳಿ
- ಹಿಪ್ ಕೀಲು, ಸ್ನಾಯುಗಳ ಬಲ ಮತ್ತು ನಡಿಗೆಯನ್ನೂ ಪರೀಕ್ಷಿಸುವಂತೆ ಕೇಳಿ
- ಮನೆಯಲ್ಲಿ ಮಾಡಲು ಯಾವ ವ್ಯಾಯಾಮ, ಎಷ್ಟು ಬಾರಿ, ಯಾವಾಗ ಹೆಚ್ಚಿಸಬೇಕು ಎಂಬುದನ್ನು ಬರೆಸಿಕೊಳ್ಳಿ
- ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ ತೋರಿಸಿ. ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳು ಹಿರಿಯರ ಹೊಟ್ಟೆ, ಕಿಡ್ನಿ ಮತ್ತು ಬಿಪಿ ಮೇಲೆ ಪರಿಣಾಮ ಬೀರಬಹುದು

ಮನೆಯವರ ಪಾತ್ರ

ವ್ಯಾಯಾಮ ಮಾಡುವಾಗ ಸ್ವಲ್ಪ ನೋವಾದರೆ ಬೆನ್ನಿಗೆ ಹಾನಿಯಾಗುತ್ತಿದೆ ಎಂದರ್ಥವಲ್ಲ. ಬಹುದಿನದ ನಂತರ ಕೆಲಸಕ್ಕಿಳಿದ ಸ್ನಾಯು ಒಂದಷ್ಟು ನೋಯುವುದು ಸಹಜ. ನೋವು ಮರುದಿನವೂ ಜೋರಾಗಿ ಉಳಿದರೆ ಪ್ರಮಾಣ ಕಡಿಮೆ ಮಾಡಿ ಫಿಸಿಯೋಥೆರಪಿಸ್ಟ್‌ಗೆ ತಿಳಿಸಬೇಕು. ‘ಬಾಗಿದರೆ ಡಿಸ್ಕ್ ಜಾರುತ್ತದೆ’ ಎಂದು ಹೆದರಿಸುವುದರಿಂದ ಹಿರಿಯರು ದೇಹವನ್ನು ಬಿಗಿಹಿಡಿದುಕೊಂಡೇ ಓಡಾಡುತ್ತಾರೆ. ಆ ಬಿಗಿತವೇ ನೋವನ್ನು ಹೆಚ್ಚಿಸುತ್ತದೆ.

ತರಕಾರಿ ತರುವುದು, ಗಿಡಕ್ಕೆ ನೀರು ಹಾಕುವುದು, ಮೊಮ್ಮಗುವನ್ನು ಶಾಲೆಯ ಬಸ್‌ವರೆಗೆ ಬಿಟ್ಟುಬರುವುದು ಇವೆಲ್ಲ ಹಿರಿಯರ ಪಾಲಿಗೆ ಬರೀ ಕೆಲಸವಲ್ಲ, ಚಿಕಿತ್ಸೆಯ ಭಾಗವೂ ಹೌದು. ಅವರ ಕೈಯಿಂದ ಇವನ್ನೆಲ್ಲ ಕಿತ್ತುಕೊಳ್ಳುವ ಬದಲು ದೂರ ಕಡಿಮೆ ಮಾಡಿ, ಭಾರ ಹಂಚಿಕೊಳ್ಳಿ, ನಡುವೆ ಕೂರಲು ಜಾಗ ಇರುವ ದಾರಿ ಹುಡುಕಿ.

ವಿಶ್ವ ಫಿಸಿಯೋಥೆರಪಿ ದಿನವನ್ನು ಪ್ರತಿ ವರ್ಷ ಸೆಪ್ಟೆಂಬರ್ 8ರಂದು ಆಚರಿಸಲಾಗುತ್ತದೆ. 2024ರಲ್ಲಿ ಅದರ ವಿಷಯ ಕೆಳಬೆನ್ನಿನ ನೋವು, 2025ರಲ್ಲಿ ಆರೋಗ್ಯಕರ ವೃದ್ಧಾಪ್ಯ. ಈ ಎರಡೂ ಬೇರೆ ಬೇರೆ ವಿಷಯಗಳಲ್ಲ ಎಂಬುದನ್ನೇ ಹಿಕ್ಸ್ ಅವರ ಸಂಶೋಧನೆ ತೋರಿಸುತ್ತದೆ. 70ರ ವಯಸ್ಸಿನಲ್ಲಿ ಬೆನ್ನು ನೋವನ್ನು ಪೂರ್ತಿ ಇಲ್ಲವಾಗಿಸಲು ಆಗದಿರಬಹುದು. ಆದರೆ ಯಾರ ಕೈ ಹಿಡಿಯದೆ ಕುರ್ಚಿಯಿಂದ ಎದ್ದು, ಮೆಟ್ಟಿಲಿಳಿದು, ರಸ್ತೆ ದಾಟಿ ಹೋಗಿಬರುವ ಶಕ್ತಿಯನ್ನು ಉಳಿಸಿಕೊಳ್ಳಲು ಸಾಧ್ಯವಿದೆ.

ಗಮನಿಸಿ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಇದು ವೈದ್ಯಕೀಯ ಸಲಹೆಗೆ ಪರ್ಯಾಯವಲ್ಲ. ಹೊಸ ವ್ಯಾಯಾಮ ಆರಂಭಿಸುವ ಮುನ್ನ ನಿಮ್ಮ ವೈದ್ಯರು ಅಥವಾ ಅರ್ಹ ಫಿಸಿಯೋಥೆರಪಿಸ್ಟ್ ಅವರನ್ನು ಸಂಪರ್ಕಿಸಿ.